ಹುಣಸೆ ಬೀಜದ ಪೋಕರ್

ಬಲಗಾಲನ್ನು ಒದ್ದೆ ಬಲೆಯಂತೆ ಎಳೆದುಕೊಂಡು ಬರುವ ಭಾವ ಪಾಚಿಗಟ್ಟಿದ ಅಂಗಳದಲ್ಲಿ ಜಾರಬಹುದಿತ್ತು. ಜಾರದೆ ಶೆಡ್ಡು ಮುಟ್ಟಿದರೂ ಅಲ್ಲಿನ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿಯಬಹುದಿತ್ತು. ಚಹಾ ನೆತ್ತಿಗೇರಬಹುದಿತ್ತು, ಲಕ್ವ ಹೊಡೆದ ಮೇಲೆ ಅವರ ತುಟಿಯ ಬಲಮೂಲೆ ಜೋತುಬಿದ್ದು, ಕುಡಿದದ್ದರಲ್ಲಿ ಅರ್ಧ ಅಲ್ಲಿಂದಲೇ ಹೊರಗೆ ಇಳಿಯುತ್ತಿತ್ತು. ಆಟದಲ್ಲಿ ಒಳ್ಳೆಯ ಎಲೆ ಬಂದು ಬಿ.ಪಿ. ಏರಬಹುದಿತ್ತು, ಕೆಟ್ಟ ಎಲೆ ಬಂದು ಇನ್ನೂ ಏರಬಹುದಿತ್ತು. ಗಾಳಿಗೆ ಶೆಡ್ಡಿನ ಶೀಟು ಹಾರಬಹುದಿತ್ತು. ಆ ಹೊತ್ತಿಗೇ ಕಡಲು ಉಕ್ಕಿ ಹೆದ್ದಾರಿಗೆ ಬಂದರೆ ಕುಂದಾಪುರದಿಂದ ಆಂಬುಲೆನ್ಸ್ ಬರುವುದು ಹೇಗೆ? ಇಷ್ಟನ್ನೂ ಬ್ರಹ್ಮಾವರದಿಂದ ಮರವಂತೆಗೆ ಬರುವ ಬಸ್ಸಿನಲ್ಲಿ ಕೂತೇ ಯೋಚಿಸಿ ಮುಗಿಸಿದ್ದೆ. ಜನರಿಗೆ ವಿಮೆ ಮಾಡಿಸುವುದು ನನ್ನ ಹೊಟ್ಟೆಪಾಡು. ಬೇರೆಯವರ ಪರವಾಗಿ ಹೆದರಿ ಹೆದರಿ, ಈಗ ಕಮಿಷನ್ ಸಿಗದ ಕಡೆಯೂ ಹೆದರುತ್ತೇನೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಹರೆಯದಲ್ಲಿ ಮುಂಬಯಿಯ ಒಂದು ಕ್ಲಬ್ಬಿನ ಅಡುಗೆಮನೆಯಲ್ಲಿದ್ದವರು. ಸಾಹೇಬರ ಮೇಜಿಗೆ ತಿಂಡಿ ಒಯ್ಯುತ್ತ ನಿಂತು ನೋಡಿ ಪೋಕರ್ ಕಲಿತರು. ಊರಿಗೆ ಬಂದು ದೋಣಿಯಲ್ಲಿ ಪಾಲು ಹಾಕಿದ ಮೇಲೆ, ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ದೋಣಿಗಳೆಲ್ಲ ದಡ ಸೇರಿದಾಗ, ಮನೆ ಹಿಂದಿನ ಬಲೆ ಶೆಡ್ಡಿನಲ್ಲಿ ವರ್ಷಕ್ಕೊಂದು ಟೂರ್ನಮೆಂಟ್ ನಡೆಸುತ್ತಿದ್ದರು. ದುಡ್ಡಿಗೆ ಅಲ್ಲ, ಹುಣಸೆ ಬೀಜಕ್ಕೆ. ಗೆದ್ದವನಿಗೆ ಅಕ್ಕ ಸಾಕಿದ ಒಂದು ಹುಂಜ.

ಕೈಗೆ ಮುಚ್ಚಿದ ಎರಡು ಎಲೆ, ನಡುವೆ ಎಲ್ಲರಿಗೂ ಕಾಣುವ ಐದು ಎಲೆ. ಅಲ್ಲಿಯವರೆಗೆ ಎಲ್ಲ ಕಡೆಯ ಆಟದ ಹಾಗೇ. ಪಣದ ನಿಯಮ ಮಾತ್ರ ಭಾವನದು. ಇದ್ದ ಬೀಜವನ್ನೆಲ್ಲ ಒಮ್ಮೆಗೇ ಸುರಿದು ಹೆದರಿಸುವಂತಿಲ್ಲ; ಆ ಹೊತ್ತಿಗೆ ನಡುವಿನ ರಾಶಿ ಎಷ್ಟಿದೆಯೋ ಅಷ್ಟನ್ನೇ ಹೆಚ್ಚೆಂದರೆ ಹಾಕಬಹುದು. ಪ್ರತಿ ಆಟಕ್ಕೂ ಎಲೆ ನೋಡುವ ಮೊದಲು ಕಡ್ಡಾಯವಾಗಿ ಒಂದಿಷ್ಟು ಬೀಜ ಇಡಬೇಕು, ಅಕ್ಕ ಚಹಾ ತಂದಾಗಲೆಲ್ಲ ಆ ಕಡ್ಡಾಯ ಇಮ್ಮಡಿ. ಬೀಜ ಕಡಿಮೆಯಾದವರು ಅಡುಗೆಮನೆ ಕಡೆ ಇಣುಕಿ, "ಅಕ್ಕಾ, ಚಾಯಕ್ಕೆ ಅರ್ಜೆಂಟ್ ಇಲ್ಲೆ" ಅನ್ನುತ್ತಿದ್ದರು.

ನನ್ನ ಆಟ ಸುಲಭ. ಒಳ್ಳೆಯ ಎಲೆ ಬರಲಿ ಎಂದು ಕಾಯುವುದು. ಬಂದರೆ, ಬೇರೆಯವರಿಗೆ ಇನ್ನೂ ಒಳ್ಳೆಯದು ಬಂದಿರಬಹುದು ಎಂದು ಎಲೆ ಕೆಳಗಿಟ್ಟು ಆ ಸುತ್ತು ಬಿಟ್ಟುಕೊಡುವುದು. ಮೂರನೇ ಚಹಾದ ಹೊತ್ತಿಗೆ ಬೀಜ ಖಾಲಿ.

"ನೀನ್ ಸೋಲುದಲ್ಲ ಮಾರಾಯ, ಕರಗುದ್" ಅನ್ನುತ್ತಿದ್ದರು ಭಾವ. "ಮೊದ್ಲ್ ನಡುವಿನ ರಾಶಿ ಬೆಳ್ಸ್ಕ್. ನಡು ಸಣ್ಣದಿದ್ರೆ ನಿನ್ ಬೆದರಿಕೆಯೂ ಸಣ್ಣದ್. ಚಾಯ ಬಪ್ಪುಕ್ ಮುಂಚೆ ಧೈರ್ಯ ಮಾಡ್, ಬಂದ್ ಮೇಲೆ ಮಾಡುದ್ ಧೈರ್ಯ ಅಲ್ಲ, ಗತಿಗೇಡ್."

ಈ ಮಾತನ್ನು ಅವರು ಶೆಡ್ಡಿನಾಚೆಗೂ ತಂದರು. ಯಡ್ತರೆಯ ಹುಡುಗಿಯನ್ನು ನೋಡಿ ಬಂದು ನಾನು ವರ್ಷ ತೂಗಿದೆ. ಅವರ ಬಾವಿ ನೀರು ಉಪ್ಪೇನೋ, ಅವಳ ಚಿಕ್ಕಪ್ಪ ಸಿಡುಕನೇನೋ, ನನಗೇ ಆಯಸ್ಸು ಕಡಿಮೆಯೇನೋ. ಒಂದು ಬೆಳಿಗ್ಗೆ ಭಾವ ಯಾರಿಗೂ ಹೇಳದೆ ಬೈಂದೂರು ಬಸ್ಸು ಹತ್ತಿದರು. ಸಂಜೆ ಬಂದು ಚಪ್ಪಲಿ ಬಿಡುತ್ತ, "ಕಾಫಿ ಕುಡ್ದ್ ಒಪ್ಪಿ ಬಂದೆ. ಇನ್ ನೀನ್ ಎಲೆ ಬಿಡುಕಾಗ" ಅಂದರು. ಮೂರು ದಿನ ನನಗೆ ಊಟ ಸೇರಲಿಲ್ಲ. ಹೆಂಡತಿ ಈಗಲೂ ಹೇಳುತ್ತಾಳೆ, "ಅವ್ರ್ ಬರ್ದೇ ಇದ್ದಿದ್ರೆ ನೀವ್ ಇನ್ನೂ ನಮ್ಮನೆ ಬಾವಿ ಇಣುಕ್ತಾ ಇರ್ತಿದ್ರಿ." ನಿಜ. ನನ್ನ ಬದುಕಿನಲ್ಲಿ ನಡೆದದ್ದು ಅಂತ ಏನಾದರೂ ಇದ್ದರೆ ಅದು ಭಾವ ನನ್ನ ಪರವಾಗಿ ಆಡಿದ್ದು.

ಕಳೆದ ಬೇಸಗೆಯಲ್ಲಿ ಲಕ್ವ ಹೊಡೆಯಿತು. ಮಳೆ ಹಿಡಿದದ್ದೇ, ಈ ವರ್ಷವೂ ಆಟ ಆಗಬೇಕು ಎಂದು ಹಟ ಹಿಡಿದರು. ಅಕ್ಕ ಆನೆಗುಡ್ಡೆಗೆ ಹರಕೆ ಹೇಳಿ, ನನಗೆ ಫೋನ್ ಮಾಡಿದಳು. "ನೀನಾರೂ ಬ್ಯಾಡ ಅಂತ ಹೇಳ್. ನನ್ ಮಾತ್ ಕೇಂತಿಲ್ಲೆ ಅವ್ರ್."

ಹೇಳಲೆಂದು ಹೋದೆ. ಭಾವ ಒಂದೊಂದೇ ಶಬ್ದ ತಡಕಿ ತಡಕಿ ಆಡಿದರು. "ಎಲ್ಲರೂ ಬತ್ರ್, ಬಾಳೆಹಣ್ಣ್ ಇಡ್ತ್ರ್, ಕನಿಕರ ಮಾಡಿ ಹೋತ್ರ್. ಆಟದಲ್ಲಾರೂ ನನ್ನ ಸರೀ ಹೊಡಿಲಿ. ಕನಿಕರಕ್ಕೆ ಯಾರಾರೂ ಎಲೆ ಬಿಟ್ರೆ ನಂಗ್ ಗೊತ್ತಾತ್ತ್. ಬಿಟ್ಟವ ಮತ್ತೆ ಈ ಜಗ್ಲಿ ಹತ್ತುದ್ ಬ್ಯಾಡ. ನೀನೂ ಸೈತ."

ಅದೇ ಕಡೆಯ ಆಟವಾಯಿತು. ದೋಣಿಗಳು ಮತ್ತೆ ಕಡಲಿಗೆ ಇಳಿಯುವ ಮೊದಲೇ, ಎರಡನೇ ಸಲ ಲಕ್ವ ಹೊಡೆದು ಭಾವ ತೀರಿಕೊಂಡರು. ಆ ಆಟ ಮುಗಿದ ಮೇಲೂ ಜಗಲಿ ಹತ್ತಬೇಡ ಎಂದು ನನಗೆ ಹೇಳಲಿಲ್ಲ. ಹೋದಾಗಲೆಲ್ಲ ಬಸ್ಸು ಸಿಕ್ಕಿತಾ, ಊಟ ಆಯಿತಾ ಎಂದು ವಿಚಾರಿಸುತ್ತಿದ್ದರು. ಎಲೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಆಟದ ಆ ಮಧ್ಯಾಹ್ನ ಯಾರೂ ಕನಿಕರ ತೋರಿಸಲಿಲ್ಲ. ಅವರದೇ ದೋಣಿ ನಡೆಸುವ ತಾಂಡೇಲ, ಬಾಯಿ ಬಿಟ್ಟರೆ ಕುಚೋದ್ಯದವನು, "ಹ್ವಾಯ್, ನಿಮ್ ಮೋರಿ ಅರ್ಧ ಅಲ್ಲಾಡುದೇ ಇಲ್ಲೆ, ಎಂತ ಅಂತ ಗೊತ್ತಾಪುದ್ ಹ್ಯಾಂಗೆ? ಇದ್ ಮೋಸ ಅಲ್ದಾ?" ಅಂದ.

"ಆಸ್ಪತ್ರೆಯಗೆ ಮಾಡ್ಸಿದ್ ಮೋರಿ. ನಿಂಗೂ ಬೇಕಾ?" ಅಂದರು ಭಾವ.

ಮೂರನೇ ಚಹಾ ಬಂತು, ನಾಲ್ಕನೆಯದೂ ಬಂತು. ಅವರು ಹೇಳಿದ ಹಾಗೇ ಬೇಗ ಬೇಗ ನಡು ಬೆಳೆಸುತ್ತ ಬಂದಿದ್ದರಿಂದ ನಾನು ಕರಗಿರಲಿಲ್ಲ. ತಾಂಡೇಲನೂ ಸೋತು ಎದ್ದ. ಉಳಿದವರು ಭಾವ ಮತ್ತು ನಾನು. ಇದೇ ಕಡೆಯ ಸುತ್ತು, ಗೆದ್ದವನಿಗೆ ಹುಂಜ ಎಂದರು ಭಾವ.

ನನ್ನ ಕೈಯಲ್ಲಿ ಎರಡು ರಾಣಿ, ನಡುವೆ ಇನ್ನೊಂದು ರಾಣಿ. ಆದರೆ ನಡುವೆ ಮೂರು ಕಳಾವರ್ ಎಲೆಗಳೂ ಇದ್ದವು. ಭಾವನ ಕೈಯಲ್ಲಿ ಎರಡೂ ಕಳಾವರ್ ಇದ್ದರೆ ಒಂದೇ ಜಾತಿಯ ಐದು ಕೂಡಿ ನನ್ನ ರಾಣಿಯರೆಲ್ಲ ದಂಡ. ಅವರು ಎಡಗೈಯಿಂದ ಬೀಜ ಮುಂದೆ ದೂಡಿದರು. "ನಡುವಿದ್ದಷ್ಟೂ."

ಮುಖ ನೋಡಿದೆ. ಒಂದು ಪಕ್ಕ ಏನೂ ಹೇಳಲಿಲ್ಲ, ಇನ್ನೊಂದು ಪಕ್ಕ ಹೇಳದಿರಲು ಕಲಿತಿತ್ತು. ಎರಡು ಕಳಾವರ್ ಇರುವುದು ಅಪರೂಪ ಎಂದು ಗೊತ್ತಿತ್ತು. ಅಪರೂಪಕ್ಕೆ ಆಗುವುದನ್ನೇ ನಂಬಿ ಬದುಕಿದವನು ನಾನು. ಎಲೆ ಕವುಚಿ ಕೆಳಗಿಟ್ಟೆ.

ಭಾವ ತಮ್ಮ ಎಲೆ ತೆರೆದರು. ಡೈಮನ್ ನಾಲ್ಕು, ಇಸ್ಪೀಟ್ ಒಂಬತ್ತು. ಏನೂ ಇರಲಿಲ್ಲ. ತಾಂಡೇಲ ತೊಡೆ ತಟ್ಟಿಕೊಂಡು ನಕ್ಕ. ಭಾವನ ಮುಖದ ಎಡಭಾಗ ಪೂರ್ತಿ ಅರಳಿತು. ಕಾಯಿಲೆ ಬಿದ್ದ ಮೇಲೆ ಅದನ್ನು ನಾನು ಕಂಡಿರಲಿಲ್ಲ. ಆ ಖುಷಿಯಲ್ಲೇ ಕೈ ಚಾಚಿ, ನನ್ನ ಎಲೆಗಳನ್ನು ತಿರುವಿ ನೋಡಿದರು.

"ಮೂರ್ ರಾಣಿ" ಅಂದರು.

"ಹೆದ್ರಿ ಬಿಟ್ಟದ್ದ್ ಭಾವ. ದೇವರಾಣೆ."

"ಹೌದಾ" ಅಂದರು. ಎಲೆಗಳನ್ನು ಒಟ್ಟುಮಾಡತೊಡಗಿದರು.

ನಾನು ಹೆದ್ದಾರಿ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕ ಕೊಡೆ ಹಿಡಿದು ಓಡಿ ಬಂದಳು. ಅವರು ಜಾರದೆ ಬೀಳದೆ ಒಳಗೆ ಮಲಗಿದ್ದಾರೆ ಎಂಬ ನೆಮ್ಮದಿ ಅವಳಿಗೆ. ಕಾಲು ಕಟ್ಟಿದ ಹುಂಜವನ್ನು ನನ್ನ ಕೈಗಿಟ್ಟಳು.

"ನಿಂಗ್ ಕೊಡ್ಕ್ ಅಂಬ್ರ್ ನಿನ್ ಭಾವ" ಅಂದಳು. "ಗೆದ್ದದ್ದ್ ನೀನ್ ಅಂಬ್ರ್."