ಕುಂಕುಮ ಹೆಚ್ಚಾಗೈತಿ

ಭಿವಂಡಿಯ ಗೋದಾಮಿನಲ್ಲಿ ನನ್ನ ಮೊದಲ ದಿನವೇ ಒಬ್ಬಳು ಕೆಂಪು ಕಾರ್ಡು ಎತ್ತಿ ಹಿಡಿದು "ಸಂಪಲಾ!" ಎಂದು ಕೂಗಿದಳು. ಸುತ್ತಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಏನೋ ಸಂಪತ್ತು ಸಿಕ್ಕಿತೆಂದುಕೊಂಡೆ. ಮರಾಠಿಯಲ್ಲಿ ಹಾಗೆಂದರೆ ಮುಗಿಯಿತು ಎಂದಂತೆ. ಅವಳ ಖಾನೆಯಲ್ಲಿ ಅಕ್ಕಿ ಮುಗಿದಿತ್ತು. ಅಯ್ಯೋ ಶಿವನೇ, ಅಕ್ಕಿ ಮುಗಿದದ್ದಕ್ಕೆ ಚಪ್ಪಾಳೆಯೇ!

ಸಿಂಧನೂರಿನಲ್ಲಿ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತವಳು ನಾನು. ಅಲ್ಲಿ ಅಕ್ಕಿಯಾಗಲಿ, ಎಣ್ಣೆಯಾಗಲಿ, ಕುಂಕುಮವಾಗಲಿ, ತೀರಿದರೆ 'ಮುಗೀತು' ಅನ್ನುವಂತಿಲ್ಲ. 'ಹೆಚ್ಚಾಗೈತಿ' ಅನ್ನಬೇಕು. ಇಲ್ಲವೆಂದರೆ ಲಕ್ಷ್ಮಿ ಹೊಸ್ತಿಲು ದಾಟುತ್ತಾಳೆ. ಗಿರಾಕಿಗೂ ಅದು ತಿಳಿಯುತ್ತದೆ, ಸುಮ್ಮನೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಜನ ಮೊಬೈಲಿನಲ್ಲೇ ಸಂತೆ ಮಾಡತೊಡಗಿದ ಮೇಲೆ ಮಾವನ ಅಂಗಡಿ ಮುಚ್ಚಿತು. ಅದನ್ನು ಮುಚ್ಚಿಸಿದಂಥ ಗೋದಾಮಿಗೇ ನಾನು ದುಡಿಯಲು ಬಂದೆ. ನಾಚಿಕೆಯಾಗುತ್ತದೆ, ಆದರೆ ಹೊಟ್ಟೆ ಕೇಳಬೇಕಲ್ಲ.

ಇಲ್ಲಿಯ ಪದ್ಧತಿಗೆ 'ಲೀನ್' ಎಂದು ಹೆಸರು, ಬೇಕಾದಷ್ಟೇ ಮಾಲು ಇಡುವುದು. ಮಾವ ಮಾಳಿಗೆ ಮುಟ್ಟುವ ಹಾಗೆ ಚೀಲ ಒಟ್ಟಿ ಮೀಸೆ ತಿರುವುತ್ತಿದ್ದ. ಇಲ್ಲಿ ಹಾಗೆ ಒಟ್ಟಿದರೆ ದಂಡ. ಕೊನೆಯ ಪೆಟ್ಟಿಗೆ ಒಡೆದ ಕೂಡಲೇ ಕೆಂಪು ಕಾರ್ಡನ್ನು ಹಲಗೆಗೆ ಸಿಗಿಸಬೇಕು, ಆಗ ಹೊಸ ಮಾಲು ಬರುತ್ತದೆ, ಹೊತ್ತಿಗೆ ಸರಿಯಾಗಿ ಎತ್ತಿದವರಿಗೆ ಚಪ್ಪಾಳೆ. ಆ ಕಾರ್ಡಿಗೆ ಜಪಾನಿನವರು ಕಾನ್‌ಬಾನ್ ಅನ್ನುತ್ತಾರಂತೆ. ನಿಜ ಹೇಳುತ್ತೇನೆ, ಒಳ್ಳೆಯ ಪದ್ಧತಿ. ಮಾವನಿಗೆ ಗೊತ್ತಿದ್ದರೆ ಅಷ್ಟು ಬೇಳೆ ಹುಳ ಹಿಡಿಯುತ್ತಿರಲಿಲ್ಲ.

ಚಾಳಿನ ಖೋಲಿಯಲ್ಲಿ ನನ್ನ ಜೊತೆಗಿದ್ದವಳು ಮಸ್ಕಿಯ ಗಿರಿಜಮ್ಮ. ಐವತ್ತು ದಾಟಿದವಳು. ಊರಲ್ಲಿ ಗಂಡ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ, ಅವನ ಔಷಧಿ ಇವಳ ಪಗಾರದ ಮೇಲೆ ನಿಂತಿತ್ತು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವಾಗ ಮಸ್ಕಿಯನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೆ, ಒಮ್ಮೆಯೂ ಇಳಿದಿರಲಿಲ್ಲ. ಇಲ್ಲಿ ಆ ಮಸ್ಕಿಯೇ ನನ್ನ ತವರಾಯಿತು. "ಈ ಊರ ಹಿಟ್ಟಿಗೆ ಜಿಗಿನs ಇಲ್ಲ" ಎಂದು ಬೈಯುತ್ತಲೇ ಗಿರಿಜಮ್ಮ ರೊಟ್ಟಿ ಬಡಿಯುತ್ತಿದ್ದಳು. "ತಿನ್ನಬೇ, ಸೊರಗಿ ಕಟಗಿ ಆಗೀದಿ."

ಪೂಜಾ ಸಾಮಾನಿನ ಖಾನೆಗಳು ಅವಳವು, ಅಷ್ಟೊತ್ತಿಗೆ ಆ ಸಾಲಿನ ಮುಖ್ಯಸ್ಥೆ ನಾನಾಗಿದ್ದೆ. ಕಾರ್ಡು ಕೈಗೆ ಕೊಟ್ಟರೆ ಅವಳು ಹಿಂದೆ ಸರಿದಳು.

"ಕುಂಕುಮ ಮುಗೀತು ಅಂತ ನಾ ಅನ್ಲೇನು? ಗಂಡ ಹಾಸಿಗಿ ಮ್ಯಾಲೆ ಅದಾನ. ಈ ಬಾಯಾಗ ಆ ಮಾತು ಬರಂಗಿಲ್ಲ ತಂಗಿ."

"ಆತು ಬಿಡಬೇ, ದಿನಾ ಸಂಜಿಕೆ ನಾನs ನೋಡಿ ಸಿಗಸ್ತೀನಿ" ಎಂದೆ.

ಶ್ರಾವಣದ ಹಿಂದಿನ ವಾರ ಒಂದು ಸಂಜೆ ತಲೆನೋವೆಂದು ನೋಡದೆ ಬಂದುಬಿಟ್ಟೆ. ಮರುದಿನ ಬೆಳಿಗ್ಗೆ ಗೋದಾಮಿನ ಸಾಹೇಬ ನನ್ನೆದುರೇ ಕೇಳಿದ: "ಮಾವಶಿ, ಕುಂಕುಮ ಕಿತನಾ ಹೈ?" ಮಾವಶಿ ಎಂದರೆ ಚಿಕ್ಕಮ್ಮ; ಕುಂಕುಮ ಎಷ್ಟಿದೆ ಎಂದು ಅವನ ಪ್ರಶ್ನೆ. ಗಿರಿಜಮ್ಮ ಊರ 'ಹೆಚ್ಚಾಗೈತಿ'ಯನ್ನೇ ತನಗೆ ಬರುವ ಹಿಂದಿಯಲ್ಲಿ ಹೇಳಿದಳು: "ಜ್ಯಾದಾ ಹೋ ಗಯಾ, ಸಾಬ್."

ನಾನು ತಿದ್ದಬಹುದಿತ್ತು. ತಿದ್ದಿದರೆ, ಕಾರ್ಡು ಎಲ್ಲಿ ಎಂದು ನನ್ನನ್ನೇ ಕೇಳುತ್ತಿದ್ದ. ಅವನು ಆಚೆ ಹೋದ ಮೇಲೆ ಕಳ್ಳಿಯಂತೆ ಕಾರ್ಡು ಸಿಗಿಸಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಅವನು ಖುಷಿಯಿಂದ, ಬರಬೇಕಿದ್ದ ಮಾಲನ್ನೇ ಬೇಡವೆಂದು ಹೇಳಿಬಿಟ್ಟಿದ್ದ. ಶ್ರಾವಣದ ಆರ್ಡರುಗಳು ಬಂದು ಬಿದ್ದವು. ಖಾನೆ ಬರಿದು.

ಎಲ್ಲರೆದುರು ಗಿರಿಜಮ್ಮನನ್ನು ನಿಲ್ಲಿಸಿ, ಸಾಹೇಬ ನನ್ನತ್ತ ತಿರುಗಿದ. "ಸುಳ್ಳು ಯಾಕೆ ಹೇಳಿದಳು? ನಿಮ್ಮ ಭಾಷೆಯಲ್ಲಿ ಆ ಮಾತಿಗೆ ಬೇರೆ ಅರ್ಥವಿದೆಯಾ?"

"ನಹೀಂ" ಎಂದೆ.

ಅಷ್ಟು ಹಿಂದಿ ಅವಳಿಗೆ ತಿಳಿಯುತ್ತಿತ್ತು. ಕಾರ್ಡು ನೋಡುವ ಹೊಣೆ ನನ್ನದೆಂದು ಅವಳು ಒಂದು ಮಾತು ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಹೇಳಲಿಲ್ಲ. ಹೋದದ್ದು ಅವಳ ಕೆಲಸ. ಸಂಜೆ ಗಂಟು ಕಟ್ಟುತ್ತಾ, "ನೀ ಹೆದರೀದಿ, ನನಗ ಗೊತ್ತೈತಿ. ಡಬ್ಬ್ಯಾಗ ರೊಟ್ಟಿ ಮಾಡಿಟ್ಟೀನಿ, ಉಣ್ಣು" ಎಂದಳು. ಆ ಡಬ್ಬಿಯನ್ನು ಮುಚ್ಚಳ ತೆಗೆಯದೆ ಮೂಲೆಗಿಟ್ಟೆ.

ಈಗ ನನ್ನ ಸಾಲಿನಲ್ಲಿ ಯಾವ ಮಾಲೂ ಕೊರತೆ ಬೀಳುವುದಿಲ್ಲ. ಕುಂಕುಮದ ಕಾರ್ಡು ಎತ್ತಿ "ಸಂಪಲಾ" ಎಂದು ಗಟ್ಟಿಯಾಗಿ ಕೂಗುತ್ತೇನೆ, ಚಪ್ಪಾಳೆ ಬೀಳುತ್ತದೆ. ಹೋದ ಸಲ ಊರಿಗೆ ಹೋದಾಗ ಎಣ್ಣೆ ಮುಗೀತು ಎಂದದ್ದಕ್ಕೆ ಅವ್ವ ನನ್ನ ಮುಖವನ್ನೇ ನೋಡಿದಳು. "ಯಾರ ಮಗಳಬೇ ನೀ?" ಎಂದಳು.

ಮೊನ್ನೆ ಬಸ್ ಸ್ಟಾಪಿನಲ್ಲಿ ನಿಂತು, ಧೈರ್ಯ ಮಾಡಿ ಗಿರಿಜಮ್ಮನಿಗೆ ಫೋನು ಹಚ್ಚಿದೆ. ಗಂಡ ಹಾಗೆಯೇ ಇದ್ದಾನಂತೆ.

"ಮನ್ಯಾಗ ಜ್ವಾಳ, ಅಕ್ಕಿ ಅದಾವೇನಬೇ?"

"ಎಲ್ಲಾ ಹೆಚ್ಚಾಗ್ಯಾವ ತಂಗಿ."

"ಛಲೋ ಆತು ಬಿಡು!" ಎಂದೆ. ಮನಸ್ಸು ಹಗುರಾಗಿತ್ತು.

ಗಿರಿಜಮ್ಮ "ಹೂಂ, ಛಲೋ" ಎಂದು ಫೋನಿಟ್ಟಳು. ಬಸ್ಸು ಹತ್ತಿ, ಎರಡು ಸ್ಟಾಪು ದಾಟಿದ ಮೇಲೆ ನನಗೆ ಅರ್ಥವಾಯಿತು. ಅವಳು ಊರ ಮಾತಿನಲ್ಲಿ ಹೇಳಿದ್ದಳು. ನಾನು ಸಾಹೇಬನ ಕಿವಿಯಿಂದ ಕೇಳಿದ್ದೆ.