ಮಾವನ ರೈಲಿನಲ್ಲಿ ನಾನು ಸಿಕ್ಕಿಕೊಂಡ ದಿನ

ಮೂರು ವರ್ಷದ ಹಿಂದಿನ ಮಾತು. ಆಯುಧಪೂಜೆ ಕಳೆದು ಒಂದು ವಾರವಾಗಿತ್ತು. ಶೆಡ್ಡಿನ ಬಾಗಿಲಿಗೆ ಕಟ್ಟಿದ್ದ ಬಾಳೆಕಂದು ಇನ್ನೂ ಪೂರ್ತಿ ಒಣಗಿರಲಿಲ್ಲ. ಅವತ್ತು ನಾನು ಒಂದು ರೈಲುಬೋಗಿಯೊಳಗೆ ಸಿಕ್ಕಿಹಾಕಿಕೊಂಡೆ. ದೊಡ್ಡ ರೈಲಲ್ಲ, ಕಾಮಾಕ್ಷಿಪಾಳ್ಯದ ನಮ್ಮದೇ ಶೆಡ್ಡಿನಲ್ಲಿ ನಮ್ಮ ಮಾವನವರೇ ಮಾಡಿದ ರೈಲು. ಈಗ ನೆನೆಸಿಕೊಂಡು ನಗುತ್ತೇನೆ, ಅವತ್ತು ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ನಮ್ಮದು ರೈಲುಬೋಗಿ ಮಾಡುವ ಮನೆ ಎಂದರೆ ಯಾರೂ ನಂಬುವುದಿಲ್ಲ. ನನ್ನನ್ನು ನೋಡಲು ಬಂದಾಗ ನಮ್ಮಪ್ಪನೂ ನಂಬಿರಲಿಲ್ಲ, ಹುಡುಗ ರೈಲ್ವೆ ಇಲಾಖೆಯಲ್ಲಿದ್ದಾನೆ ಎಂದೇ ನೆಂಟರಿಗೆಲ್ಲ ಹೇಳಿಕೊಂಡು ಬಂದರು. ನಮ್ಮ ಯಜಮಾನರ ತಾತ ಕಮ್ಮಾರಿಕೆ ಕಲಿತು, ಇಟ್ಟಿಗೆ ಗೂಡುಗಳಿಗೂ ಕಲ್ಲು ಕ್ವಾರಿಗಳಿಗೂ ಸಣ್ಣ ಹಳಿಯ ಮೇಲೆ ತಳ್ಳುವ ಟ್ರಾಲಿ ಮಾಡಿಕೊಡುತ್ತಿದ್ದರಂತೆ. ಆಮೇಲೆ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬಿನ ಗಾಡಿ ಮಾಡಿದರು. ಎಲ್ಲ ಕಡೆ ಲಾರಿ ಬಂದ ಮೇಲೆ ಆ ಕೆಲಸ ನಿಂತಿತು. ಇನ್ನು ಶೆಡ್ಡಿಗೆ ಬೀಗವೇ ಗತಿ ಅನ್ನುವ ಹೊತ್ತಿಗೆ ಯಾವುದೋ ಪಾರ್ಕಿನವರು ಮಕ್ಕಳ ರೈಲಿನ ಮುರಿದ ಬೋಗಿಯನ್ನು ರಿಪೇರಿಗೆ ತಂದರು. ಆಗಿನ್ನೂ ಮೀಸೆ ಚಿಗುರುತ್ತಿದ್ದ ನಮ್ಮ ಮಾವ ರಿಪೇರಿ ಬಿಟ್ಟು ಹೊಸದನ್ನೇ ಮಾಡಿಕೊಟ್ಟರು. ಅಲ್ಲಿಂದ ನಮ್ಮ ಮನೆ ಅನ್ನ ಬೆಂದಿದ್ದೆಲ್ಲ ಪಾರ್ಕಿನ ರೈಲಿನಿಂದಲೇ. ಎರಡಡಿ ಅಗಲದ ಹಳಿ, ಅದರ ಮೇಲೆ ಕೆಂಪು, ಹಳದಿ ಬಣ್ಣದ ಪುಟ್ಟ ಬೋಗಿಗಳು. ಎಷ್ಟೋ ಊರುಗಳಲ್ಲಿ ಈಗಲೂ ಓಡುತ್ತಿವೆ.

ಈ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೋಗಿ ತಯಾರಾದ ಮೇಲೆ ಪೂಜೆ ಮಾಡಿ, ಚಕ್ರದಡಿ ನಿಂಬೆಹಣ್ಣಿಟ್ಟು, ಮನೆಯ ಗಂಡಸರೆಲ್ಲ ಅದರಲ್ಲಿ ಕೂತು ಶೆಡ್ಡಿನೊಳಗಿನ ಹಳಿಯ ಮೇಲೆ ಹೋಗಿಬರಬೇಕು. ಭಾರ ತಡೆಯುತ್ತದೋ ಇಲ್ಲವೋ ನೋಡಲು ಬೇರೆಯವರು ಮರಳಿನ ಮೂಟೆ ಇಡುತ್ತಾರೆ. ನಮ್ಮ ಮಾವ ಅದಕ್ಕೆ ಒಪ್ಪುವುದಿಲ್ಲ. "ಮೂಟೆಗೆ ಎಲ್ಲಿ ಚುಚ್ಚುತ್ತೆ ಅಂತ ಹೇಳಕ್ಕೆ ಬರಲ್ಲ, ಮನುಷ್ಯರೇ ಕೂತ್ಕೋಬೇಕು" ಅನ್ನುತ್ತಾರೆ. ಗಂಡಸರು ಕೂರುವ ಹೊತ್ತಿಗೆ ಹೆಂಗಸರು ಶೆಡ್ಡಿನ ಹಿಂದೆ ಒಲೆ ಹಚ್ಚಿ ಎಲ್ಲರಿಗೂ ಬಿಸಿಬೇಳೆಬಾತು, ಕೇಸರಿಬಾತು ಮಾಡಬೇಕು. ಅತ್ತೆ ಮದುವೆಯಾಗಿ ಬಂದಾಗಿನಿಂದ ಹೀಗೇ ನಡೆದಿತ್ತು.

ಆ ಸಲದ ಬೋಗಿಯ ವಿಷಯ ಸ್ವಲ್ಪ ಬೇರೆ. ಹಳಿಯೇ ಬೇಡದ, ರಬ್ಬರ್ ಚಕ್ರದ ರೆಡಿಮೇಡ್ ರೈಲುಗಳು ಬಂದು ಒಂದು ವರ್ಷದಿಂದ ನಮಗೆ ಆರ್ಡರೇ ಇರಲಿಲ್ಲ. ಶೆಡ್ಡನ್ನು ಗಾರ್ಮೆಂಟ್ಸ್‌ನವರಿಗೆ ಬಾಡಿಗೆಗೆ ಕೊಟ್ಟುಬಿಡೋಣ ಎಂದು ನಮ್ಮ ಯಜಮಾನರು ದಿನಾ ಊಟದ ಹೊತ್ತಿಗೆ ಶುರು ಮಾಡುತ್ತಿದ್ದರು. ಮಾವ ತಟ್ಟೆ ನೋಡುತ್ತಾ ಕೂರುತ್ತಿದ್ದರು. ಅಷ್ಟರಲ್ಲಿ ಹೊರ ಊರಿನ ಪಾರ್ಕಿನವರೊಬ್ಬರು, ಮೊದಲು ಒಂದು ಬೋಗಿ ಮಾಡಿ ತೋರಿಸಿ, ಒಪ್ಪಿಗೆಯಾದರೆ ಇಡೀ ರೈಲು ನಿಮಗೇ ಅಂದರು. ಇದು ಕೈತಪ್ಪಿದರೆ ಶೆಡ್ಡು ಗಾರ್ಮೆಂಟ್ಸ್‌ನವರಿಗೆ, ಹಾಗಂತ ಅಪ್ಪ ಮಗನ ನಡುವೆ ಮಾತಾಗಿತ್ತು.

ಬೋಗಿ ನೋಡಲು ಪಾರ್ಕಿನ ಕಡೆಯಿಂದ ಸಾಹೇಬರೊಬ್ಬರು ಬಂದರು. ಅವರಿಗೆ ಮಧ್ಯಾಹ್ನದೊಳಗೆ ವಾಪಸ್ ಹೊರಡುವ ಅವಸರ. ಪೂಜೆಯಾಯಿತು, ಗಂಡಸರು ಕೂತರು. ಆದರೆ ಮೂಡಲಪಾಳ್ಯದಿಂದ ಬರಬೇಕಿದ್ದ ಚಿಕ್ಕಮಾವ ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಒಂದು ಸೀಟು ಖಾಲಿ ಉಳಿಯಿತು.

"ಎಲ್ಲಾ ಸೀಟೂ ತುಂಬಿಸಿ ಓಡಿಸ್ಬೇಕು, ಇಲ್ಲಾಂದ್ರೆ ನಾನು ಸೈನ್ ಹಾಕಕ್ಕಾಗಲ್ಲ," ಎಂದರು ಸಾಹೇಬರು.

"ಅಪ್ಪಾ, ಒಂದು ಮೂಟೆ ಇಟ್ಬಿಡೋಣ," ಎಂದರು ಯಜಮಾನರು. ಮಾವನ ಮುಖ ಗಂಟಾಯಿತು.

ನಾನು ಸೌಟು ಹಿಡಿದುಕೊಂಡೇ ಮುಂದೆ ಬಂದು, "ನಾನು ಕೂತ್ಕೋತೀನಿ ಮಾವ," ಅಂದೆ. ಯಾಕೆ ಅಂದೆನೋ ನನಗೂ ಗೊತ್ತಿಲ್ಲ. ನನ್ನದು ಸ್ವಲ್ಪ ಬಾಯಿ ಮುಂದು.

ಬಾಯಿ ಮುಂದಿದ್ದರೆ ಸಾಲದು, ಮೈ ಒಳಗೆ ಹೋಗಬೇಕಲ್ಲ. ನಾನು ಕಟ್ಟುಮಸ್ತಾದ ಹೆಂಗಸು. ನಮ್ಮ ಮನೆಯ ಗಂಡಸರೋ, ಒಬ್ಬರಾದ ಮೇಲೊಬ್ಬರು ಕಡ್ಡಿ ಪೈಲ್ವಾನರು. ಮೆಟ್ಟಿಲು ಎತ್ತರದಲ್ಲಿತ್ತು, ಸೀರೆ ಎತ್ತಿ ಹಿಡಿದು ಹತ್ತಿದೆ. ಬಾಗಿಲಲ್ಲಿ ಅಡ್ಡಡ್ಡ ತಿರುಗಿ ನುಗ್ಗಿದೆ. ಸೀಟಿನ ಕಬ್ಬಿಣದ ಕೈಗೂ ಪಕ್ಕದ ತಗಡಿಗೂ ನಡುವೆ ಹೇಗೋ ಇಳಿದು ಕೂತೆ. ಮೊಣಕಾಲು ಮುಂದಿನ ಸೀಟಿಗೆ ತಾಗಿತು. ಮಾವ ಬೋಗಿಯ ಮುಂದೆ ಕಟ್ಟಿದ್ದ ಪುಟ್ಟ ಎಂಜಿನ್ ಹತ್ತಿ ಲಿವರ್ ಎಳೆದರು. ಬೋಗಿ ಶೆಡ್ಡಿನ ಕೊನೆಯವರೆಗೆ ಹೋಗಿ ಜರ್ ಎನ್ನದೆ ವಾಪಸ್ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಗಂಡಸರು ಪುಳಪುಳನೆ ಇಳಿದರು.

ನಾನು ಏಳಲು ಹೋದೆ, ಆಗಲಿಲ್ಲ. ಎರಡನೇ ಸಲ ಏಳಲು ನೋಡಿದಾಗ ನನ್ನ ಜೊತೆ ಸೀಟೂ ಕಿರ್ ಎಂದಿತು.

"ಉಸಿರು ಒಳಗೆ ಎಳ್ಕೋ," ಎಂದು ಯಜಮಾನರು ಕಿವಿಯಲ್ಲಿ ಪಿಸುಗುಟ್ಟಿದರು.

"ರೀ, ಎಳ್ಕೊಂಡಿದೀನಿ. ಇನ್ನೂ ಎಳ್ಕೊಂಡ್ರೆ ಸತ್ತೇಹೋಗ್ತೀನಿ," ಅಂದೆ.

ಒಬ್ಬರು ಕೈ ಹಿಡಿದು ಎಳೆದರು, ಇನ್ನೊಬ್ಬರು ಕೊಬ್ಬರಿ ಎಣ್ಣೆ ತರಲು ಓಡಿದರು. ವೆಲ್ಡರ್ ಬಾಬು ಗ್ಯಾಸ್ ಕಟರ್ ಹಿಡಿದುಕೊಂಡು ಬಂದು, "ಅಕ್ಕ, ಅಲ್ಲಾಡ್ದೆ ಕೂತಿದ್ರೆ ಎರಡೇ ನಿಮಿಷ," ಎಂದ. ನಾನು ಕೈಯಲ್ಲಿದ್ದ ಸೌಟು ತೋರಿಸಿದ ಮೇಲೆ ಹಿಂದೆ ಸರಿದ. ಸಾಹೇಬರು ಪಾಪ, ನಗು ತಡೆಯಲು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತರು. ನನಗೆ ನಾಚಿಕೆಯಲ್ಲಿ ಕಣ್ಣು ತುಂಬಿ ಬಂತು.

ಕೊನೆಗೆ ಸೀಟಿನ ಕೈಯ ಬೋಲ್ಟುಗಳನ್ನು ಬಿಚ್ಚುವುದೆಂದಾಯಿತು. ಬಾಬು ಸ್ಪ್ಯಾನರ್ ಹಿಡಿದು ಬೋಗಿಯ ಕೆಳಗೆ ಮಲಗಿದ. ಅತ್ತೆ ಒಂದು ಸ್ಟೂಲು ತಂದು ಕಿಟಕಿಯ ಪಕ್ಕ ಹಾಕಿಕೊಂಡು ನನ್ನ ಕೈಗೆ ಕಾಫಿ ಕೊಟ್ಟರು. ಆ ಕಾಫಿ ಕುಡಿಯುತ್ತಾ ನನ್ನ ನಾಚಿಕೆ ಸಿಟ್ಟಾಯಿತು.

"ಅಲ್ಲಾ ಮಾವ, ಪಾರ್ಕಿಗೆ ಮಕ್ಕಳನ್ನ ಕರ್ಕೊಂಡ್ ಬರೋದು ಯಾರು? ತಾಯಂದ್ರು, ಅಜ್ಜೀರು. ಅವರೆಲ್ಲಿ ಕೂತ್ಕೋಬೇಕು?" ಎಂದು ಕೇಳಿದೆ.

ಮಾವ ಉತ್ತರ ಕೊಡುವ ಮೊದಲೇ ಅತ್ತೆ ಮಾತಾಡಿದರು. "ಎಲ್ಲೂ ಕೂತ್ಕೊಳಲ್ಲ ಕಣಮ್ಮ. ಕಂಬಿ ಪಕ್ಕ ಚಪ್ಪಲಿ, ಬ್ಯಾಗು ಕಾಯ್ಕೊಂಡು ಟಾಟಾ ಮಾಡ್ತಾರೆ. ನಿನ್ ಗಂಡ ಚಿಕ್ಕೋನಿದ್ದಾಗ ನಾನೂ ಹಾಗೇ ನಿಂತಿದೀನಿ. ಒಂದ್ಸಲ ಹತ್ತಕ್ಕೆ ಹೋದೆ, ಬಾಗಿಲಲ್ಲೇ ಆಗ್ಲಿಲ್ಲ. ಹಿಂದೆ ಕ್ಯೂ ಇತ್ತು, ಇಳಿದ್ಬಿಟ್ಟೆ."

ಮಾವ ಅವರನ್ನೇ ನೋಡಿದರು. "ನೀನು ಒಂದಿನಾನೂ ಹೇಳ್ಲಿಲ್ವಲ್ಲೇ."

"ನೀವು ಒಂದಿನಾನೂ ಕೂತ್ಕೋ ಅನ್ಲಿಲ್ವಲ್ಲ," ಎಂದರು ಅತ್ತೆ. ಜಗಳದ ದನಿಯಲ್ಲಿ ಅಲ್ಲ, ಉಪ್ಪು ಕಮ್ಮಿಯಾಗಿದೆ ಅನ್ನುವ ದನಿಯಲ್ಲಿ.

ಬೋಲ್ಟು ಬಿಚ್ಚಿತು, ನಾನು ಹೊರಗೆ ಬಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾಹೇಬರು ಗಂಟಲು ಸರಿಮಾಡಿಕೊಂಡು ಪೆನ್ನು ತೆಗೆದರು. "ಭಾರದ ಟೆಸ್ಟ್ ಪಾಸಾಗಿದೆ, ಯಜಮಾನ್ರೇ. ಸೀಟು ಮಕ್ಕಳಿಗೆ ಸರಿಯಾಗಿದ್ರೆ ಸಾಕು. ಕೊಡಿ, ಸೈನ್ ಹಾಕ್ತೀನಿ," ಎಂದರು ಮಾವನಿಗೆ.

ನಮ್ಮ ಯಜಮಾನರು ಪೇಪರ್ ಮುಂದೆ ಚಾಚಿಯೂ ಆಗಿತ್ತು. ಮಾವ ಅದರ ಮೇಲೆ ಕೈಯಿಟ್ಟರು. "ಬೇಡ ಸಾರ್. ಇವತ್ತು ಹಾಕ್ಬೇಡಿ. ಹದಿನೈದು ದಿನ ಟೈಮ್ ಕೊಡಿ, ಬೋಗಿ ಬೇರೆ ಮಾಡ್ತೀನಿ."

"ಅಪ್ಪಾ, ಏನ್ ಮಾಡ್ತಾ ಇದೀರಾ? ಬಂದಿರೋ ಆರ್ಡರ್ ಹೋಗುತ್ತೆ," ಎಂದು ಯಜಮಾನರು ಗಾಬರಿಯಾದರು.

"ಹೋದ್ರೆ ಹೋಗ್ಲಿ ಕಣೋ. ಮನೇವ್ರೇ ಕೂರಕ್ಕಾಗದಿರೋ ರೈಲು ಮಾಡಿ ಊರಿಗೆ ಕಳಿಸಲ್ಲ."

ಮೂರು ತಲೆಮಾರಿನ ಶೆಡ್ಡು ನನ್ನ ಸೊಂಟದಿಂದ ಮುಚ್ಚಿತು ಎಂದು ನೆಂಟರೆಲ್ಲ ಆಡಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಸಾಹೇಬರು ಪೆನ್ನು ಜೇಬಿಗಿಟ್ಟರು. "ನಮ್ಮ ಮನೆಯವರೂ ಮೊಮ್ಮಗುನ ಹತ್ತಿಸಿ ಹೊರಗೇ ನಿಲ್ಲೋದು. ನಾನೂ ಯಾಕೆ ಅಂತ ಕೇಳಿರ್ಲಿಲ್ಲ. ಹದಿನೈದು ದಿನ ಅಂದ್ರೆ ಹದಿನೈದು ದಿನ, ನೋಡಿ," ಎಂದು ಬಿಸಿಬೇಳೆಬಾತು ತಿಂದು ಹೊರಟರು.

ಮಾರನೆಯ ದಿನದಿಂದ ಶೆಡ್ಡಿನಲ್ಲಿ ಜಾತ್ರೆ. ಮಾವ ಅಳತೆ ತೆಗೆಯಲು ಮೊದಲು ಅತ್ತೆಯನ್ನು ಕೂರಿಸಿದರು, ಆಮೇಲೆ ನನ್ನನ್ನು. ಪಕ್ಕದ ಗಾರ್ಮೆಂಟ್ಸ್‌ನ ಹೆಂಗಸರು ಊಟದ ಬಿಡುವಿನಲ್ಲಿ ನೋಡಲು ಬಂದು, ತಾವೂ ಒಬ್ಬೊಬ್ಬರಾಗಿ ಕೂತು ಎದ್ದರು. "ಇಲ್ಲಿ ಸೆರಗು ಸಿಗಾಕ್ಕೊಳುತ್ತೆ ಅಂಕಲ್." "ಮಗು ಎತ್ಕೊಂಡು ಹತ್ತಕ್ಕೆ ಇದು ಹೈಟ್ ಆಯ್ತು." ಮಾವ ಸೀಮೆಸುಣ್ಣ ಹಿಡಿದು ಎಲ್ಲವನ್ನೂ ತಗಡಿನ ಮೇಲೆ ಗುರುತು ಹಾಕಿಕೊಂಡರು. ಅವರಿಗೆ ವಯಸ್ಸೇ ಇಳಿದ ಹಾಗಿತ್ತು. ಮೆಟ್ಟಿಲು ಕೆಳಗಿಳಿಯಿತು, ಬಾಗಿಲು ಅಗಲವಾಯಿತು, ಸೀಟಿನ ಕಬ್ಬಿಣದ ಕೈ ಹೋಗಿ ಉದ್ದ ಬೆಂಚು ಬಂತು.

ಎರಡನೇ ಪರೀಕ್ಷೆಯ ದಿನ ಒಲೆಯ ಹತ್ತಿರ ಗಂಡಸರು ನಿಂತರು. ಉಪ್ಪಿಟ್ಟು ಗಂಟುಗಂಟಾಗಿತ್ತು, ಅದನ್ನು ಇಲ್ಲಿ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬೋಗಿಯ ತುಂಬ ಹೆಂಗಸರು. ಅತ್ತೆ ತಮ್ಮ ಮದುವೆಯ ರೇಷ್ಮೆ ಸೀರೆ ಉಟ್ಟು ಬಂದು ಮೊದಲ ಸೀಟಿನಲ್ಲಿ ಕೂತರು. ಬೋಗಿ ಹೋಗಿ ಬಂತು. ಸಾಹೇಬರು ಇಣುಕಿ ನೋಡಿ, ನಕ್ಕು, ಸೈನ್ ಹಾಕಿಕೊಟ್ಟರು. ಯಜಮಾನರು ಆ ಪೇಪರನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ನಾವೆಲ್ಲ ಗಲಗಲ ಮಾತಾಡುತ್ತಾ ಇಳಿದೆವು.

ಅತ್ತೆ ಇಳಿಯಲಿಲ್ಲ. ಮಾವ ಲಿವರ್ ಬಿಟ್ಟು ಓಡಿ ಬಂದರು. "ಏನಾಯ್ತೇ? ಸಿಕ್ಕಾಕ್ಕೊಂಡ್ಯಾ?"

"ಇಲ್ಲ ಕಣ್ರೀ, ಆರಾಮಾಗಿದೆ," ಎಂದರು ಅತ್ತೆ. ಸ್ವಲ್ಪ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಕೈಯಾಡಿಸಿದರು. "ಇನ್ನೊಂದ್ಸಲ ಹೋಗೋಣ. ನೀವೂ ಬನ್ನಿ, ಜಾಗ ಇದೆ."

ಮಾವ ಒಮ್ಮೆ ಸುತ್ತ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಲಿವರ್ ನೀನ್ ಎಳಿಯಮ್ಮ," ಎಂದು ಹೇಳಿ ಹತ್ತಿ ಅತ್ತೆಯ ಪಕ್ಕ ಕೂತರು. ಮಾವ ಮಾಡಿದ ರೈಲಿನಲ್ಲಿ ಅವರಿಬ್ಬರೂ ಜೊತೆಯಾಗಿ ಕೂತಿದ್ದು ಅದೇ ಮೊದಲು.

ಈಗ ಆ ರೈಲು ಆ ಊರಿನ ಪಾರ್ಕಿನಲ್ಲಿ ಓಡುತ್ತಿದೆ, ಶೆಡ್ಡಿನಲ್ಲಿ ಇನ್ನೊಂದು ರೈಲಿನ ಕೆಲಸ ನಡೆದಿದೆ. ಸೌಟು ಹಿಡಿದು ಸೀಟಿನಲ್ಲಿ ಸಿಕ್ಕಿಕೊಂಡಿದ್ದು ನೆನಪಾದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಆದರೂ ಇನ್ನೊಮ್ಮೆ ಸಿಕ್ಕಿಕೊಳ್ಳಬೇಕು ಎಂದರೆ ಸಂತೋಷವಾಗಿ ಹೋಗಿ ಕೂರುತ್ತೇನೆ. ಯಾಕೆಂದರೆ ಅವತ್ತು ನಾನು ಲಿವರ್ ಎಳೆದಾಗ ಹಿಂದಿನಿಂದ ಅತ್ತೆ ಚಿಕ್ಕ ಹುಡುಗಿಯ ಹಾಗೆ ನಕ್ಕಿದ್ದು ಕೇಳಿಸಿತು. ಅವರು ಹಾಗೆ ನಗುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಶೆಡ್ಡಿನ ಕೊನೆ ಬಂದರೂ ಬ್ರೇಕ್ ಹಾಕಲು ನನಗೆ ಮನಸ್ಸೇ ಬರಲಿಲ್ಲ.