ಕೆಚ್ಚಲ ಗವಿಯ ಬೋಣಿ

ಕಲ್ಲು ಕೊಯ್ಯುವ ಗಾಲಿಗೆ ನೀರು ಬಿಟ್ಟ ಕೂಡಲೇ ಒಂದು ವಾಸನೆ ಏಳುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆಯಲ್ಲ ಅದು. ಅದಕ್ಕಿಂತ ತಣ್ಣಗಿನದು, ತುಸು ಸುಣ್ಣ ಬೆರೆತದ್ದು, ಹೊಸ ಮಡಕೆಯ ನೀರನ್ನು ಮೂಗಿನ ಹತ್ತಿರ ಹಿಡಿದಂಥದ್ದು. ಶಹಾಬಾದಿನಲ್ಲಿ ಫರಸಿ ಕಲ್ಲಿನ ಅಂಗಡಿ ಇಟ್ಟುಕೊಂಡ ನನಗೆ ದಿನವೂ ಅದೇ ವಾಸನೆ. ಮನೆಗೆ ಕಲ್ಲು ಹಾಸಬೇಕೆಂದು ಬಂದವರಿಗೆಲ್ಲ ಅವರು ಕೇಳದಿದ್ದರೂ ನಾನು ಬುದ್ಧಿ ಹೇಳುತ್ತೇನೆ: ಒಣ ಕಲ್ಲು ನೋಡಿ ಮಾಲು ಒಪ್ಪಬೇಡಿ, ಒಂದು ಚೆಂಬು ನೀರು ಹಾಕಿಸಿ, ಬಿರುಕಿದ್ದರೆ ಅಲ್ಲಿ ಕಪ್ಪು ಗೆರೆ ಮೂಡುತ್ತದೆ, ಬೆರಳಿನ ಗೆಣ್ಣಿನಿಂದ ಬಡಿಯಿರಿ, ಗಟ್ಟಿ ಕಲ್ಲು ಕಂಚಿನ ಹಾಗೆ ದನಿ ಕೊಡುತ್ತದೆ. ಜನ ನನ್ನನ್ನು ಜಾಣೆ ಅನ್ನುತ್ತಾರೆ. ಈ ಪಾಠ ಎಲ್ಲಿ ಕಲಿತೆ ಎಂದು ಮಾತ್ರ ಯಾರೂ ಕೇಳಿಲ್ಲ. ಕೇಳಿದ್ದರೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿರುವುದು ಕಷ್ಟವಾಗುತ್ತಿತ್ತು.

ಕಾಳಗಿ ದಾಟಿ ಚಿಂಚೋಳಿಯ ಕಡೆ ಹೋಗುವಾಗ ಬರುವ ಒಂದು ಗುಡ್ಡದ ಬುಡದಲ್ಲಿ ನಮ್ಮ ಆಯಿಯ ಮನೆ ಇತ್ತು. ಆಯಿ ಅಂದರೆ ನನ್ನ ಅವ್ವನ ಅವ್ವ. ಗೋಡೆ ಕಲ್ಲು, ನೆಲ ಕಲ್ಲು, ನೀರಿನ ಕೊಡ ಇಡುವ ಕಟ್ಟೆ ಕಲ್ಲು. ಬೇಸಿಗೆಯಲ್ಲಿ ನೆಲಕ್ಕೆ ಕೆನ್ನೆ ಒತ್ತಿ ಮಲಗಿದರೆ ಒಳಗೆಲ್ಲೋ ನೀರು ಹರಿದಂತೆ ತಂಪು. ಮೂಲೆಯಲ್ಲಿ ಜೋಳ ತುಂಬಿಡುವ ಮಣ್ಣಿನ ಗುಮ್ಮಿ, ಅದರ ಪಕ್ಕ ಆಯಿಯ ತಗಡಿನ ಟ್ರಂಕು. ಅಪ್ಪ ಇಲ್ಲದ ಸಂಸಾರ ನಮ್ಮದು. ಅವ್ವ ಸೇಡಂ ಸಂತೆಯಲ್ಲಿ ಹುಣಸೆಹಣ್ಣು ಮಾರುತ್ತಿದ್ದಳು. ಸಂತೆಯ ದಿನ ನಾನು ಅವ್ವನ ಜೊತೆ, ಉಳಿದ ದಿನ ಆಯಿಯ ಹತ್ತಿರ. ಹೀಗೆ ಇಬ್ಬರು ಹೆಂಗಸರಿಂದ ಎರಡು ಬೇರೆ ಬೇರೆ ನೇಮ ಕಲಿತೆ. ಅವ್ವನದು ವ್ಯಾಪಾರದ್ದು. ಬೆಳಿಗ್ಗೆಯ ಮೊದಲ ಮಾರಾಟವೇ ಬೋಣಿ. ಅದು ಕೆಟ್ಟರೆ ದಿನವೇ ಕೆಟ್ಟಿತು. “ಬೋಣಿ ಗಿರಾಕಿನ ಬರೀ ಕೈಲೆ ಕಳಸಬ್ಯಾಡ,” ಅನ್ನುತ್ತಿದ್ದಳು ಅವ್ವ. “ಕೆಳಗ ಬಿದ್ದ ಮಾಲಂತೂ ಕೊಡಲೇಬ್ಯಾಡ. ಮ್ಯಾಲಿಂದ ತಗದು ಕೊಡು.”

ಆಯಿಯ ನೇಮ ಗವಿಯದು. ಮನೆಯ ಹಿಂದೆ ನೂರು ಹೆಜ್ಜೆ ಹತ್ತಿದರೆ ಸುಣ್ಣದ ಕಲ್ಲಿನ ಪದರುಗಳ ನಡುವೆ ಬಾಗಿ ಹೋಗುವಷ್ಟು ಬಾಯಿ. ಒಳಗೆ ಹೋದರೆ ನಮ್ಮ ಮನೆಯಂಥ ಮೂರು ಮನೆ ಹಿಡಿಸುವಷ್ಟು ಜಾಗ. ಮಾಡಿನಲ್ಲಿ ಬಾವಲಿಗಳು, ನೆಲದ ಮೇಲೆ ಯಾವ ಕಾಲದಲ್ಲೋ ಉದುರಿದ ಕಲ್ಲಿನ ಚೂರುಗಳು. ರಜಾಕಾರರ ಗದ್ದಲದಲ್ಲಿ ಊರಿನ ಹೆಣ್ಣುಮಕ್ಕಳು ಮೂರು ದಿನ ಅಲ್ಲಿ ಅಡಗಿದ್ದರಂತೆ. ಅವರಿಗೆ ಕುಡಿಯಲು ಸಿಕ್ಕಿದ್ದು ಕೆಚ್ಚಲ ನೀರೊಂದೇ. ಕೆಚ್ಚಲು ಅಂದರೆ ಗವಿಯ ನಡುವೆ ಇಳಿಬಿದ್ದ ಬಿಳಿ ಕಲ್ಲು. ಆಕಳ ಕೆಚ್ಚಲಿನ ಹಾಗೆಯೇ ದುಂಡಗೆ, ಕೆಳಗೆ ನಾಲ್ಕು ಮೊಲೆ, ನಾಲ್ಕರ ತುದಿಯಲ್ಲೂ ಹನಿ. ಹಾಲು ಬಾರದ ಬಾಣಂತಿಯರನ್ನು ಸುತ್ತಲಿನ ಊರುಗಳಿಂದ ಕರೆತರುತ್ತಿದ್ದರು. ಆಯಿ ಕೆಳಗೆ ಗಿಂಡಿ ಹಿಡಿದು ಕೂತರೆ ಅದು ತುಂಬಲು ಒಂದು ಹೊತ್ತೇ ಬೇಕು. ಅಷ್ಟೂ ಹೊತ್ತು ಬಾಣಂತಿ ಕೂಸನ್ನು ಎದೆಗೆ ಅವುಚಿಕೊಂಡು ಆ ತಂಪಿನಲ್ಲಿ ಸುಮ್ಮನೆ ಕೂತಿರಬೇಕು. ಹಾಲು ಬರುತ್ತಿದ್ದುದು ನೀರಿನಿಂದಲೋ, ಮನೆಗೆಲಸವಿಲ್ಲದ ಆ ಒಂದು ಹೊತ್ತಿನಿಂದಲೋ ನಾನು ಹೇಳಲಾರೆ. ಬರುತ್ತಿದ್ದುದು ಮಾತ್ರ ಖರೆ.

ನೋಡಲಿಕ್ಕೆಂದು ಬರುವವರೂ ಇದ್ದರು, ಚಿತ್ತಾಪುರದಿಂದ ಮಾಸ್ತರರು, ವಾಡಿಯಿಂದ ರೈಲ್ವೆಯವರು. ಯಾರೇ ಬರಲಿ, ಕೈಗೆ ಬಟ್ಟೆ ಸುತ್ತಿಕೊಳ್ಳದೆ ಆಯಿ ಒಳಗೆ ಬಿಡುತ್ತಿರಲಿಲ್ಲ. ಗಂಡಸರಿಗೆ ಹೆಗಲ ಮೇಲಿನ ವಸ್ತ್ರ, ಹೆಂಗಸರಿಗೆ ಸೆರಗು. “ಕಲ್ಲಿಗಿ ಇನ್ನಾ ಜೀವ ಅದರಿ, ಬೆಳೀಲಿಕತ್ತದ,” ಅನ್ನುತ್ತಿದ್ದಳು. “ಮೈಯಾನ ಎಣ್ಣಿ ಹತ್ತಿದ್ರ ಅಲ್ಲಿಗೇ ನಿಲ್ತದ.” ದೀಪವೂ ಎಳ್ಳೆಣ್ಣೆಯದೇ, ಪಂಜು ತಂದವರ ಪಂಜು ಹೊರಗೇ ಆರುತ್ತಿತ್ತು. ಕಾಣಿಕೆ ಕೊಡಲು ಬಂದರೆ, “ಇದೇನ್ ನಮ್ಮಪ್ಪ ಕಟ್ಟಿಸಿದ ಛತ್ರ ಏನ್ರಿ?” ಎಂದು ನಗುತ್ತಿದ್ದಳು. ನನಗೆ ಅದು ಸಂಕಟ. ಇಂಥ ಮಾಲು ಇಟ್ಟುಕೊಂಡು ಪುಕ್ಕಟೆ ತೋರಿಸುತ್ತಾಳಲ್ಲ ಎಂದು ನನ್ನ ಹನ್ನೆರಡು ವರ್ಷದ ಬುದ್ಧಿ ಕುದಿಯುತ್ತಿತ್ತು.

ಆಗಿನ್ನೂ ಮೈಸೂರು ರಾಜ್ಯ. ಒಂದು ಬೆಳಿಗ್ಗೆ ಆಯಿ ಕಾಳಗಿಗೆ ಹೋಗಿದ್ದಾಗ ಜೀಪು ಬಂತು. ಇಳಿದವರು ಕಲ್ಲು ಪರೀಕ್ಷೆ ಮಾಡುವ ಇಲಾಖೆಯ ಒಬ್ಬ ಸಾಹೇಬರು, ಕೆಳಗಿನ ಮೈಸೂರು ಕಡೆಯ ಮಾತು, ಕೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಬ್ಯಾಟರಿ ದೀಪ. ನಾನೇ ಗವಿ ತೋರಿಸಿದೆ. ಕೈಗೆ ಬಟ್ಟೆ ಸುತ್ತಿಕೊಳ್ಳಿ ಅಂದರೆ ಅವರು ಮಗುವಿನ ಹಾಗೆ ಕರವಸ್ತ್ರ ಸುತ್ತಿಕೊಂಡರು. ಬ್ಯಾಟರಿಯ ಬೆಳಕು ಕೆಚ್ಚಲ ಮೇಲೆ ಬಿದ್ದಾಗ ಅದು ಒಳಗಿನಿಂದಲೇ ಹೊತ್ತಿಕೊಂಡಂತೆ ಕಂಡಿತು. ಅಷ್ಟು ವರ್ಷ ನೋಡಿದ್ದನ್ನು ನಾನು ಆವತ್ತೇ ನೋಡಿದೆ. “ಮಳೆ ನೀರು ಮೇಲಿನ ಸುಣ್ಣ ಕರಗಿಸ್ಕೊಂಡು ಬಂದು, ಒಂದೊಂದು ಹನೀಲೂ ಇಷ್ಟಿಷ್ಟು ಬಿಟ್ಟು ಹೋಗುತ್ತಮ್ಮ,” ಅಂದರು. “ಬೆರಳಷ್ಟು ಬೆಳೆಯೋಕೆ ಎಷ್ಟು ರಾಜರು ಬಂದು ಹೋದರೋ.” ಮಾಲನ್ನು ಇಷ್ಟು ಹೊಗಳುವ ಗಿರಾಕಿಯನ್ನು ನಾನು ಸಂತೆಯಲ್ಲಿ ಕಂಡಿರಲಿಲ್ಲ. ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತ, “ಕೆಳಗೆ ಬಿದ್ದಿರೋ ಚೂರು ಒಂದಿದ್ರೆ ಕೊಡಮ್ಮ, ಪರೀಕ್ಷೆಗೆ,” ಅಂದರು.

ನನ್ನ ಕಿವಿಗೆ ಬಿದ್ದದ್ದು ಅವ್ವನ ಮಾತು. ಮೊದಲ ಗಿರಾಕಿ. ಕೆಳಗೆ ಬಿದ್ದ ಮಾಲು ಕೊಡಬಾರದು. ಅವರು ಬಗ್ಗಿ ಬರೆಯುತ್ತಿದ್ದಾಗ ಒಂದು ಗುಂಡುಕಲ್ಲು ಎತ್ತಿ ಕೆಚ್ಚಲ ಒಂದು ಮೊಲೆಗೆ ಹೊಡೆದೆ. ಕಂಚಿನ ತಟ್ಟೆ ಬಿದ್ದ ಸದ್ದು. ಬಾವಲಿಗಳೆಲ್ಲ ಒಮ್ಮೆಗೇ ಎದ್ದವು. ಒದ್ದೆ ಕಲ್ಲಿನ ಆ ವಾಸನೆ ನನ್ನ ಬರಿಗೈಯಿಂದ ಎದ್ದದ್ದು ಆಗಲೇ. “ತಗೋರಿ, ತಾಜಾ ಅದ,” ಎಂದು ಮುರಿದ ತುಂಡನ್ನು ಚಾಚಿದೆ. ಸಾಹೇಬರು ನೋಡಿದರು. ಮುಖ ಇಳಿದಿತ್ತು. ಗಿರಾಕಿ ಮುಖ ಇಳಿಸುವುದು ಚೌಕಾಶಿಗೆ ಎಂದು ನಾನು ತಿಳಿದಿದ್ದೆ. “ಭಾಳೇನ್ ಬ್ಯಾಡ್ರಿ, ಆ ಬ್ಯಾಟರಿ ಕೊಟ್ರ ಸಾಕು,” ಅಂದೆ. ಅವರು ಕಲ್ಲು ಮುಟ್ಟಲಿಲ್ಲ. ತಲೆ ಬಗ್ಗಿಸಿ ಹೊರಗೆ ನಡೆದರು. ಜೀಪು ಹೋದ ಮೇಲೆ ಕಲ್ಲನ್ನು ಗುಮ್ಮಿಯ ಜೋಳದೊಳಗೆ ಹುಗಿದೆ.

ವಾರದೊಳಗೆ ಒಬ್ಬ ಬಾಣಂತಿ ಬಂದಳು. ಆಯಿ ಗಿಂಡಿ ಹಿಡಿಯಲು ಹೋಗಿ, ಮುರಿದ ಜಾಗ ನೋಡಿ ಹಾಗೇ ಕೂತುಬಿಟ್ಟಳು. ಜೊತೆಗೆ ಬಂದ ಹೆಂಗಸರು, “ಕೆಚ್ಚಲ ಕೊಯ್ದ ಕೈ ಉದುರಲಿ,” ಎಂದು ಮಣ್ಣು ತೂರಿದರು. ಆಯಿ ನನ್ನತ್ತ ತಿರುಗಿ, “ನೀ ಇದ್ದೆಲ್ಲವ್ವ ಮನಿಯಾಗ. ಯಾರ್ ಬಂದಿದ್ರು?” ಎಂದು ಕೇಳಿದಳು. “ಜೀಪಿನ ಸಾಹೇಬ ಮುರದ,” ಅಂದೆ. ಅಷ್ಟು ಸರಾಗವಾಗಿ ಬಂತು ಆ ಮಾತು. ಅವತ್ತು ಗಿಂಡಿ ಮೂರೇ ಹನಿಯ ಸಾಲಿನಲ್ಲಿ ತುಂಬುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ನಾಲ್ಕನೆಯ ಹನಿ ಗೋಡೆ ಹಿಡಿದು ಎತ್ತಲೋ ಜಾರಿ ಹೋಗುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಸಾಹೇಬರು ಮತ್ತೆ ಬಂದರು. ಗುಡ್ಡವನ್ನು ಕಲ್ಲಿನ ಗಣಿಗೆ ಕೊಡುವ ಮಾತು ನಡೆದಿದೆ, ಗವಿಯನ್ನು ಅಳೆದು ನಕ್ಷೆ ಬರೆದು ಕಳಿಸಿದರೆ ಉಳಿಸಬಹುದು ಎಂದರು. ಊರಿನ ಜನವೆಲ್ಲ ಸೇರಿತ್ತು. ಆಯಿ ಗವಿಯ ಬಾಯಿಗೆ ಅಡ್ಡ ನಿಂತಳು. ಆ ದಿನ ಅವಳ ಹಸಿರು ಸೀರೆಯ ಸೆರಗು ತಲೆಗೆ ಸಾಲುತ್ತಿರಲಿಲ್ಲ, ಎಳೆದೆಳೆದು ಹೊದೆಯುತ್ತಿದ್ದಳು. ತುದಿ ಹರಿದಿತ್ತು, ಇಲಿ ಕಡಿದಿರಬೇಕು ಅಂದುಕೊಂಡೆ. “ಒಮ್ಮೆ ಮುರದು ಹೋದದ್ದು ಸಾಲಲಿಲ್ಲೇನ್ರಿ? ಒಳಗ ಬಿಡಂಗಿಲ್ಲ. ಹೋಗ್ರಿ,” ಅಂದಳು. ಸಾಹೇಬರು, “ನಾನೇನಮ್ಮ ಮುರಿದದ್ದು?” ಎಂದು ಶುರುಮಾಡಿ, ಜನರ ನಡುವೆ ನನ್ನನ್ನು ಕಂಡು ನಿಲ್ಲಿಸಿದರು. ನನ್ನನ್ನೇ ನೋಡಿದರು. ಅಂಗಡಿಯ ಹುಡುಗರಿಗೆ ಈಗ ನಾನು ಹೇಳಿಕೊಡುವ ಒಂದು ಪಾಠವಿದೆ: ಚೌಕಾಶಿಯಲ್ಲಿ ಮೊದಲು ಬಾಯಿಬಿಟ್ಟವನು ಸೋಲುತ್ತಾನೆ, ಸುಮ್ಮನಿರಿ. ಆವತ್ತು ನಾನು ಸುಮ್ಮನಿದ್ದೆ. ಗೆದ್ದೆ. ಅವರು ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದರು. ನಕ್ಷೆ ಆಗಲಿಲ್ಲ.

ಗುಡ್ಡ ಗಣಿಗೆ ಹೋಯಿತು, ಅದರ ಜೊತೆಗೆ ಮನೆ. ಸಾಮಾನು ಖಾಲಿ ಮಾಡುವಾಗ ಗುಮ್ಮಿಯೊಳಗೆ ಕೈಯಾಡಿಸಿ ನೋಡಿದೆ, ಕಲ್ಲು ಇರಲಿಲ್ಲ. ಪೀಡೆ ಹೋಯಿತು ಎಂದು ಹಗುರಾದೆ. ಆಯಿ ಸೇಡಂನಲ್ಲಿ ಅವ್ವನ ಜೊತೆ ಕೆಲವು ವರ್ಷ ಬದುಕಿದಳು. ಮದುವೆಯಾಗಿ ನನಗೆ ಮಗಳು ಹುಟ್ಟಿ ಎದೆಯಲ್ಲಿ ಹಾಲಿಲ್ಲದೆ ಒದ್ದಾಡಿದಾಗ ಪಕ್ಕದಲ್ಲಿ ಕೂತಿದ್ದವಳು ಅವಳೇ. ಗವಿಯ ಮಾತು ಎತ್ತಲಿಲ್ಲ. “ಬರ್ತದ ತಗೋ, ಸುಮ್ನ ಕುಂದ್ರು,” ಎಂದು ಬೆನ್ನು ಸವರಿದಳು.

ಅವಳು ತೀರಿಕೊಂಡ ಮೇಲೆ ಟ್ರಂಕು ತೆಗೆದದ್ದು ನಾನು. ಅಡಿಯಲ್ಲಿ, ಹಸಿರು ಸೀರೆಯ ಹರಿದ ಸೆರಗಿನಲ್ಲಿ ಸುತ್ತಿದ ಗಂಟು. ಬಿಚ್ಚಿದರೆ ಬೆರಳುದ್ದದ ಆ ಬಿಳಿ ಕಲ್ಲು. ಗವಿಯ ಬಾಯಲ್ಲಿ ಅಡ್ಡ ನಿಂತ ದಿನ ಅವಳ ತಲೆಗೆ ಸಾಲದೆ ಹೋದದ್ದು ಇದೇ ತುಂಡು. ಸಾಹೇಬರನ್ನು ಬೈದು ಕಳಿಸುವ ಹೊತ್ತಿಗೆ ಅವಳಿಗೆ ಎಲ್ಲ ಗೊತ್ತಿತ್ತು. ಅವರು ಒಳಗೆ ಬಂದರೆ ಕೆಚ್ಚಲ ಮುಂದೆ ನಿಜ ಹೊರಬೀಳುತ್ತಿತ್ತು, ಊರು ನನ್ನನ್ನು ಕೆಚ್ಚಲು ಕೊಯ್ದವಳು ಎಂದು ಕರೆಯುತ್ತಿತ್ತು. ಗವಿಯೋ ನಾನೋ ಎಂದಾಗ ಅವಳು ನನ್ನನ್ನು ಆರಿಸಿಕೊಂಡಿದ್ದಳು. ಆ ದಿನ ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಅವಳು ಆರಿಸಬೇಕಾಗಿಯೇ ಇರಲಿಲ್ಲ.

ಕಲ್ಲು ಈಗ ನನ್ನ ಗಲ್ಲಾದ ಹಿಂದೆ, ಅದೇ ಬಟ್ಟೆಯಲ್ಲಿದೆ. ಒಮ್ಮೊಮ್ಮೆ, ಮಷೀನು ನಿಂತ ಮೇಲೆ, ಕೈಗೆ ಸೆರಗು ಸುತ್ತಿಕೊಂಡು ಅದನ್ನು ಎತ್ತಿ ತುದಿಗೆ ಒಂದು ಹನಿ ನೀರು ಬಿಡುತ್ತೇನೆ. ಹನಿ ತುಸು ಹೊತ್ತು ತೂಗಿ ಕೆಳಗೆ ಬೀಳುತ್ತದೆ. ಏನನ್ನೂ ಬಿಟ್ಟು ಹೋಗುವುದಿಲ್ಲ.